ಒಪ್ಪದವರ ಪರವಾಗಿ

ಕಾಲೇಜಿನಲ್ಲಿ ನಮ್ಮನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತಿದ್ದ ಕನ್ನಡ ಮೇಷ್ಟ್ರಿಗೆ ಒಂದು ಹಟವಿತ್ತು. ನಾವು ಯಾವ ಪಕ್ಷ ವಹಿಸಿ ಮಾತಾಡಲು ಹಾತೊರೆಯುತ್ತಿದ್ದೆವೋ ಅದರ ಎದುರು ಪಕ್ಷವನ್ನೇ ನಮಗೆ ಕೊಡುತ್ತಿದ್ದರು. ಜ್ಯೋತಿಷ್ಯದ ಹೆಸರೆತ್ತಿದರೆ ಉರಿದು ಬೀಳುತ್ತಿದ್ದ ನನಗೆ ಜ್ಯೋತಿಷ್ಯ ಬೇಕು ಎಂದು ವಾದಿಸುವ ಕೆಲಸ. ನಾನು ಮುಖ ಗಂಟಿಕ್ಕಿಕೊಂಡರೆ, ನಿನಗೆ ಮೊದಲೇ ಒಪ್ಪಿಗೆಯಾಗಿರುವುದನ್ನು ಹೇಳುವುದಕ್ಕೆ ತಯಾರಿ ಯಾಕೆ, ಮನೆಗೆ ಹೋಗಿ ಗೋಡೆಗೆ ಹೇಳು ಅನ್ನುತ್ತಿದ್ದರು. ಸ್ಪರ್ಧೆಯ ದಿನ ಮಾತ್ರ ನಮ್ಮ ಇಷ್ಟದ ಪಕ್ಷ. ಈ ವರಸೆಯಿಂದ ನಮಗೆ ಬಹುಮಾನದ ಕಪ್ಪುಗಳು ಬಂದವು. ಅದರಿಂದ ಬೇರೇನಾದರೂ ಉಪಯೋಗವಿರಬಹುದು ಎಂದು ಆಗ ಹೊಳೆದಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಹಾಗೆ ಕಪ್ಪು ಗೆದ್ದು ಸೊಕ್ಕಿದ್ದ ಕೆಲವರು ಸೇರಿ ಅರಸೀಕೆರೆಯಲ್ಲಿ ಒಂದು ಬಳಗ ಕಟ್ಟಿಕೊಂಡಿದ್ದೆವು. ಭಾನುವಾರ ಬೆಳಗ್ಗೆ ರೈಲ್ವೆ ಸ್ಟೇಷನ್ನಿನ ಕೊನೆಯ ಬೆಂಚುಗಳಲ್ಲಿ ಸಭೆ. ಅಲ್ಲಿ ಟೀ ಸಿಗುತ್ತಿತ್ತು, ಯಾರೂ ಎಬ್ಬಿಸುತ್ತಿರಲಿಲ್ಲ. ಬಳಗಕ್ಕೆ ಸೇರಬೇಕೆನ್ನುವವರಿಗೆ ಪ್ರಶ್ನೆಗಳಿರುತ್ತಿದ್ದವು: ಜಾತಕ ನಂಬುತ್ತೀಯಾ, ಜಾತಿ ನಂಬುತ್ತೀಯಾ, ದೇವರು? ಮೂರಕ್ಕೂ ಇಲ್ಲ ಎಂದವರು ನಮ್ಮವರು. ನನಗೆ ಈ ಪರೀಕ್ಷೆ ಸುಲಭ. ನಮ್ಮದು ಬೌದ್ಧರಾದ ಮನೆ, ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ಊಟಕ್ಕೆ ಕೂತಾಗಲೂ ವಾದ ನಡೆಯುತ್ತಿತ್ತು. ವ್ಯಾಪಾರಸ್ಥರ ಮನೆಯ ಹುಡುಗರಿಗೆ ಮಾತ್ರ ಕಷ್ಟ. ಬೆಳಗ್ಗೆ ಮನೆಯಲ್ಲಿ ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತು, ಸ್ಟೇಷನ್ನಿನ ನಲ್ಲಿಯಲ್ಲಿ ಹಣೆ ತೊಳೆದುಕೊಂಡು ನಾಸ್ತಿಕರಾಗಬೇಕಿತ್ತು.

ಬಳಗ ಒಂದು ಕೆಲಸ ಮಾಡಬೇಕು, ಬರೀ ಮಾತು ಸಾಕು ಎಂದು ಒತ್ತಾಯಿಸಿದವಳು ನಾನು. ಸಮಾಜಸೇವೆ, ವೈಜ್ಞಾನಿಕ ಮನೋಭಾವ ಎಂದೆಲ್ಲ ಕಾರಣ ಕೊಟ್ಟೆ. ನಿಜವಾದ ಕಾರಣ ನನ್ನ ಅಜ್ಜಿ.

ಅಜ್ಜಿ ಜಾವಗಲ್ಲಿನ ಪಕ್ಕದ ಹಳ್ಳಿಯಲ್ಲಿ ಚಿಕ್ಕಪ್ಪನ ಜೊತೆಗಿದ್ದಳು. ಹರೆಯದಲ್ಲಿ ಸೌದೆ ಕಡಿಯುವಾಗ ಜಾಲಿ ಮುಳ್ಳು ಬಡಿದು ಎಡಗಣ್ಣು ಹೋಗಿತ್ತು. ಉಳಿದ ಬಲಗಣ್ಣಿಗೆ ಈಗ ಪೊರೆ. ಬಾಗಿಲಲ್ಲಿ ನಿಂತರೆ ಯಾರೋ ನಿಂತಿದ್ದಾರೆ ಎಂದು ಗೊತ್ತಾಗುತ್ತಿತ್ತು, ಯಾರೆಂದು ಗೊತ್ತಾಗುತ್ತಿರಲಿಲ್ಲ. ಅಪ್ಪ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಪೊರೆ ಬಲಿತಿದೆ, ಇನ್ನು ತಡ ಮಾಡಿದರೆ ಕಣ್ಣಿಗೇ ಅಪಾಯ ಎಂದು ಡಾಕ್ಟರು ಹೇಳಿದ್ದರು. ಆಪರೇಷನ್ ದಿನ ಅಜ್ಜಿ ಆಸ್ಪತ್ರೆಯ ಗೇಟಿನಿಂದಲೇ ವಾಪಸ್ಸು.

"ಇದ್ದಿದ್ದೊಂದು ಕಣ್ಣಿಗೂ ಬಟ್ಟೆ ಕಟ್ಟುಸ್ಕಂಡು ಆ ಕತ್ಲಲ್ಲಿ ಒಬ್ಳೇ ಮಲಗಾಕೆ ನನ್ನ ಕೈಲಾಗಕಿಲ್ಲ," ಎಂದಿದ್ದಳು. "ನಮ್ಮ ಕೇರಿಯೋರು ನಾಕು ಜನ ಬಂದ್ರೆ ನಾನೂ ಬತ್ತೀನಿ. ಇಲ್ದಿದ್ರೆ ಇಲ್ಲ."

ಅವಳು ಹೇಳಿದ್ದು ಭಯ. ನನ್ನ ಕಿವಿಗೆ ಅದೊಂದು ಷರತ್ತಾಗಿ ಬಿತ್ತು. ಷರತ್ತಾದರೆ ಪೂರೈಸಬಹುದು. ಊರವರೆಲ್ಲ ಒಟ್ಟಿಗೆ ಹೋಗುವಂತೆ ಕಣ್ಣಿನ ಶಿಬಿರವನ್ನೇ ಮಾಡಿಬಿಟ್ಟರೆ?

ಹಾಸನದ ಒಂದು ಆಸ್ಪತ್ರೆಯವರು ಒಪ್ಪಿದರು. ಜಾವಗಲ್ಲಿನ ಶಾಲೆಗೆ ಬಂದು ತಪಾಸಣೆ ಮಾಡಿ, ಪೊರೆ ಇದ್ದವರನ್ನು ಅವರ ಬಸ್ಸಿನಲ್ಲೇ ಕರೆದೊಯ್ದು, ಆಪರೇಷನ್ ಮಾಡಿ ಮಾರನೆಯ ದಿನ ತಂದು ಬಿಡುವುದು. ಜನರನ್ನು ಸೇರಿಸಿ ಸಿದ್ಧ ಮಾಡುವುದು ನಮ್ಮ ಕೆಲಸ. ಅದಕ್ಕೊಬ್ಬ ಮುಂದಾಳು ಬೇಕಲ್ಲ. ಅವನನ್ನು ನಾವು ಆರಿಸಿದ ರೀತಿ ನಮ್ಮಂಥವರಿಗೆ ಮಾತ್ರ ಹೊಳೆಯುವಂಥದ್ದು: ಚರ್ಚಾಸ್ಪರ್ಧೆ ಇಟ್ಟೆವು. ವಿಷಯ, ನಮಗೆ ಈ ಶಿಬಿರ ಏಕೆ ಬೇಕು. ಚೆನ್ನಾಗಿ ಮಾತಾಡಿದವನು ಅಧ್ಯಕ್ಷ.

ಗೆದ್ದವನು ಲಾ ಓದುತ್ತಿದ್ದ ಗೆಳೆಯ. ಅವನ ಮಾತು ಕೇಳಿ ಪಕ್ಕದ ಬೆಂಚಿನಲ್ಲಿ ರೈಲು ಕಾಯುತ್ತಿದ್ದವರೂ ಚಪ್ಪಾಳೆ ತಟ್ಟಿದರು. ನನಗೂ ಅವನಿಗೂ ಯಾವ ವಿಷಯದಲ್ಲೂ ಭಿನ್ನಾಭಿಪ್ರಾಯವಿರಲಿಲ್ಲ. ಅದೇ ಅವನ ದೊಡ್ಡ ಅರ್ಹತೆ ಎಂದು ನಾವೆಲ್ಲ ಒಮ್ಮತದಿಂದ ನಂಬಿದೆವು.

ನಂತರ ಕರಪತ್ರ ಬರೆದೆವು. ವಾರಗಟ್ಟಲೆ ಬರೆದೆವು. ಮೂಢನಂಬಿಕೆ ಎನ್ನಬೇಕೋ ಅಜ್ಞಾನ ಎನ್ನಬೇಕೋ ಎಂದು ಎರಡು ಭಾನುವಾರ ಜಗಳವಾಡಿದೆವು. ಕಣ್ಣಿನ ಬೇನೆಗೆ ಹರಕೆ ಹೊರುವುದನ್ನು ಖಂಡಿಸಿದೆವು. ಕೊನೆಗೆ ಅಚ್ಚಾಗಿ ಬಂದ ಕರಪತ್ರ ಓದಲು ಬಹಳ ಚೆನ್ನಾಗಿತ್ತು. ಅದು ಯಾರ ಕೈ ಸೇರಬೇಕಿತ್ತೋ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಶಿಬಿರದ ದಿನ ಶಾಲೆಯ ಅಂಗಳ ತುಂಬಿತ್ತು. ನಮ್ಮ ಕೇರಿಯ ಹೆಂಗಸರ ನಡುವೆ ಅಜ್ಜಿ ಹೊಸ ಸೀರೆ ಉಟ್ಟು ಕೂತಿದ್ದಳು. ಅಧ್ಯಕ್ಷ ಸ್ವಾಗತ ಭಾಷಣ ಮಾಡಿದ, ಸುದೀರ್ಘವಾಗಿ. ಆಮೇಲೆ ನರ್ಸು ಒಬ್ಬೊಬ್ಬರದೇ ಬಿ.ಪಿ. ನೋಡುತ್ತ ಬಂದರು. ನೋಡುತ್ತ ನೋಡುತ್ತ ಅವರ ಮುಖ ಸಪ್ಪಗಾಯಿತು. ಹೆಚ್ಚುಕಮ್ಮಿ ಎಲ್ಲರದೂ ಮೇಲೆ ಹತ್ತಿ ಕೂತಿತ್ತು. ಡಾಕ್ಟರು ಬಂದು, ಬೆಳಗ್ಗೆ ಬಿ.ಪಿ. ಮಾತ್ರೆ ನುಂಗಿದಿರಾ ಎಂದು ಕೇಳಿದರು.

"ಎಲ್ಲಾನ ಉಂಟಾ ಸ್ವಾಮಿ," ಎಂದು ಒಬ್ಬ ಮುದುಕ ಹೆಮ್ಮೆಯಿಂದ ಹೇಳಿದ. "ತೊಟ್ಟು ನೀರೂ ಕುಡುದಿಲ್ಲ. ಖಾಲಿ ಹೊಟ್ಟೇಲಿ ಬಂದಿವ್ನಿ."

ಎಲ್ಲರೂ ಹಾಗೇ ಬಂದಿದ್ದರು. ದೇವಸ್ಥಾನಕ್ಕೆ ಹೋಗುವಾಗ, ರಕ್ತಪರೀಕ್ಷೆಗೆ ಹೋಗುವಾಗ ಏನೂ ತಿನ್ನದೆ ಹೋಗುವ ಜನ ಇಂಥ ದೊಡ್ಡ ಕೆಲಸಕ್ಕೆ ತಿಂದು ಬರುತ್ತಾರೆಯೇ? ಹೊಟ್ಟೆಗಿಲ್ಲ, ಮಾತ್ರೆಯಿಲ್ಲ, ಮೇಲೆ ಬಿಸಿಲಲ್ಲಿ ಕೂತು ಭಾಷಣ. ನಮ್ಮ ಕರಪತ್ರದಲ್ಲಿ ಎಲ್ಲವೂ ಇತ್ತು, ತಿಂಡಿ ತಿಂದು ಮಾತ್ರೆ ನುಂಗಿ ಬನ್ನಿ ಎಂಬ ಒಂದು ಸಾಲು ಇರಲಿಲ್ಲ. ಪೊರೆ ಇದೆ ಎಂದು ಆರಿಸಿದವರನ್ನೂ ಡಾಕ್ಟರು ಬಸ್ಸು ಹತ್ತಿಸಲಿಲ್ಲ. ಬಿ.ಪಿ. ಹತೋಟಿಗೆ ತಂದು ಮುಂದಿನ ತಿಂಗಳು ನೀವೇ ಆಸ್ಪತ್ರೆಗೆ ಕರೆತನ್ನಿ, ಆದರೆ ಮತ್ತೆ ಹೀಗಾದರೆ ನಮ್ಮಿಂದಾಗದು ಎಂದರು. ಬಸ್ಸು ಖಾಲಿ ಹೋಯಿತು.

ಅಜ್ಜಿ ಹೊಸ ಸೀರೆ ಮಡಿಸಿಟ್ಟಳು.

"ಒಂದು ಸಲ ಗೇಟು ಮುಟ್ಟಿ ಬಂದೆ. ಇನ್ನೊಂದು ಸಲ ಬಸ್ಸು ನೋಡಿ ಬಂದೆ. ಸಾಕು ಬುಡು ಮಗ," ಎಂದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ವಾದಿಸುತ್ತಿದ್ದೆ.

ಮುಂದಿನ ಭಾನುವಾರ ಸ್ಟೇಷನ್ನಿನ ಬೆಂಚಿನಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅಧ್ಯಕ್ಷ ರಾಜೀನಾಮೆ ಕೊಟ್ಟ, ಅದನ್ನೂ ಚೆನ್ನಾಗಿ ಮಾತಾಡಿಯೇ ಕೊಟ್ಟ. ಹೊಸಬರನ್ನು ಆರಿಸೋಣ ಎಂದಾಗ ಮತ್ತೆ ಅದೇ ಹೆಸರುಗಳು, ನಮ್ಮ ಹಾಗೇ ಯೋಚಿಸುವ, ನಮ್ಮ ಹಾಗೇ ಮಾತಾಡುವ ಹೆಸರುಗಳು ಬರತೊಡಗಿದವು. ಇವರಲ್ಲಿ ಯಾರ ಕೈಯಲ್ಲಿ ಅಜ್ಜಿಯ ಕಣ್ಣನ್ನು ಕೊಡುತ್ತೇನೆ ಎಂದು ಕೇಳಿಕೊಂಡೆ. ಯಾರ ಕೈಯಲ್ಲೂ ಇಲ್ಲ. ನನ್ನ ಕೈಯಲ್ಲೂ ಇಲ್ಲ.

ಆಗ ಮೇಷ್ಟ್ರ ಹಟ ನೆನಪಾಯಿತು. ಒಂದು ನಿಯಮ ಮಾಡೋಣ ಎಂದೆ. ಪ್ರತಿಯೊಬ್ಬರೂ ಒಂದು ಹೆಸರು ಹೇಳಬೇಕು, ಆದರೆ ಆ ವ್ಯಕ್ತಿಯ ವಿಚಾರಗಳು ನಮಗೆ ಒಪ್ಪಿಗೆ ಇರಬಾರದು. ಅವರು ಒಳ್ಳೆಯವರು, ಪ್ರಾಮಾಣಿಕರು ಎನ್ನುವ ಮಾತೂ ಬೇಡ. ಅವರು ಏನು ಮಾಡಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೋ ಅಷ್ಟನ್ನು ಹೇಳಬೇಕು.

ಒಪ್ಪದವರು ಮಾಡಿದ್ದನ್ನು ನೋಡಿ ನೆನಪಿಟ್ಟುಕೊಳ್ಳುವ ಅಭ್ಯಾಸ ನಮಗಿರಲಿಲ್ಲ, ಅವರು ಹೇಳಿದ್ದನ್ನು ಮಾತ್ರ ಅಕ್ಷರ ಬಿಡದೆ ನೆನಪಿಟ್ಟುಕೊಂಡಿದ್ದೆವು. ಒಬ್ಬ ತನ್ನ ಮಾವನ ಹೆಸರು ಹೇಳಿದ, ಏನು ಮಾಡಿದ್ದು ನೋಡಿದ್ದೀಯ ಎಂದು ಕೇಳಿದರೆ ತಲೆ ಕೆರೆದುಕೊಂಡ. ನಾನು ಕೊಬ್ಬರಿ ಮಂಡಿಯ ಅಕ್ಕನ ಹೆಸರು ಹೇಳಿದೆ. ಅಧ್ಯಕ್ಷನಿಗೆ ಕುಡಿಯುತ್ತಿದ್ದ ಟೀ ನೆತ್ತಿಗೇರಿತು.

ಅಕ್ಕ ಎಂದು ಊರೇ ಕರೆಯುತ್ತಿತ್ತು. ಮಂಡಿ ಬೀದಿಯಲ್ಲಿ ಅವರ ಗಂಡನ ಕೊಬ್ಬರಿ ವ್ಯಾಪಾರ. ಐವತ್ತು ದಾಟಿದ ಹೆಂಗಸು, ಮಠದ ಯಾವ ಕಾರ್ಯಕ್ರಮವೂ ಅವರಿಲ್ಲದೆ ಇಲ್ಲ. ರಾಹುಕಾಲ ನೋಡದೆ ಹೊಸಿಲು ದಾಟುವವರಲ್ಲ. ಹೆಣ್ಣುಮಕ್ಕಳು ಹೆಚ್ಚು ಓದಿದರೆ ಗಂಡು ಸಿಗುವುದಿಲ್ಲ ಎಂದು ನಂಬಿದವರು. ನನಗೂ ಅವರಿಗೂ ಹಳೆಯ ಲೆಕ್ಕವಿತ್ತು. ಜ್ಯೋತಿಷ್ಯ ವಿಜ್ಞಾನವೇ ಎಂಬ ಚರ್ಚೆಯಲ್ಲಿ ನಾನು ಗೆದ್ದಾಗ ಕಪ್ಪು ಕೊಡಲು ಬಂದ ಅತಿಥಿ ಅವರೇ. ಕಪ್ಪು ಕೈಗಿಟ್ಟು ಮೈಕಿನಲ್ಲಿ, "ಮಾತು ಬಾಳ ಚೆನ್ನಾಗೈತೆ. ಮಾತಾಡಿದ್ದು ಮಾತ್ರ ಒಂದೂ ಸರಿಯಿಲ್ಲ," ಎಂದರು. ಸಭೆ ಗೊಳ್ಳೆಂದಿತು. ಕಾರಣ ಕೊಡಿ ಎಂದು ನಾನು ವೇದಿಕೆಯಲ್ಲೇ ಕೇಳಿದೆ. ನಾನು ಬಂದಿರುವುದು ಕಪ್ಪು ಕೊಡುವುದಕ್ಕೆ, ಕಾರಣ ಕೊಡುವುದಕ್ಕಲ್ಲ ಎಂದು ಹೋಗಿ ಕೂತರು. ಸಭೆ ಮತ್ತೂ ಜೋರಾಗಿ ನಕ್ಕಿತು. ಗೆದ್ದ ಕಪ್ಪನ್ನು ಸೋತ ಮುಖದಲ್ಲಿ ಹೊತ್ತು ಬಂದದ್ದು ಅದೊಂದೇ ಸಲ.

ಆದರೆ ನಿಯಮದ ಪ್ರಕಾರ, ನಾನು ಕಂಡದ್ದೇನು? ಇದೇ ಪ್ಲಾಟ್‌ಫಾರಂ ಮೇಲೆ ಕಂಡದ್ದು. ಒಂದು ಬೆಳಗ್ಗೆ ಅಕ್ಕ ಬಹಳ ಮಂದಿ ವಯಸ್ಸಾದ ಹೆಂಗಸರನ್ನು ಯಾತ್ರೆಗೆ ಕರೆದುಕೊಂಡು ಹೊರಟಿದ್ದರು. ಅವರು ಹತ್ತಬೇಕಾಗಿದ್ದ ಗಾಡಿ ಸ್ವಲ್ಪ ಹೊತ್ತು ಮಾತ್ರ ನಿಲ್ಲುವಂಥದ್ದು. ಗಾಡಿ ಬರುವ ಮೊದಲೇ ಬಾಗಿಲು ಎಲ್ಲಿ ನಿಲ್ಲುತ್ತದೆ ಎಂದು ಪೋರ್ಟರನ್ನು ಕೇಳಿ, ಹೆಂಗಸರನ್ನು ಎರಡು ಗುಂಪು ಮಾಡಿ ಅಲ್ಲಲ್ಲೇ ಕೂರಿಸಿದರು. ಮಂಡಿನೋವಿನವರು ಮುಂದೆ, ಗಟ್ಟಿಯಿದ್ದವರು ಹಿಂದೆ. ಗಾಡಿ ನಿಂತೊಡನೆ ಗಟ್ಟಿಗಿತ್ತಿಯರಿಬ್ಬರು ಮೊದಲು ಹತ್ತಿ ಮೇಲಿನಿಂದ ಕೈ ಕೊಟ್ಟರು. ಗಂಟುಗಳು ಕಿಟಕಿಯಿಂದ ಒಳಗೆ. ಅಕ್ಕ ಒಂದು ಸಲವೂ ಕಿರುಚಲಿಲ್ಲ. ಗಾಡಿ ಅಲುಗಿದಾಗ ಪ್ಲಾಟ್‌ಫಾರಂ ಮೇಲೆ ಉಳಿದಿದ್ದವರು ಅವರೊಬ್ಬರೇ, ಅವರೂ ಹತ್ತಿದರು. ನಾನು ಹಲ್ಲು ಕಚ್ಚಿಕೊಂಡು ನೋಡಿದ್ದೆ. ಯಾರಾದರೊಬ್ಬರು ಉಳಿದುಹೋಗಲಿ ಎಂದು ಮನಸ್ಸಿನ ಮೂಲೆಯಲ್ಲಿ ಆಸೆಯೂ ಇತ್ತೇನೋ.

ಅಧ್ಯಕ್ಷ ಸುಧಾರಿಸಿಕೊಂಡು ಒಂದು ಪ್ರಶ್ನೆ ಹಾಕಿದ. ಸರಿಯಾದ ಪ್ರಶ್ನೆ. ರಾಹುಕಾಲ ನಂಬುವುದು ಅವರ ಸ್ವಂತ ವಿಚಾರ, ಇರಲಿ. ಆದರೆ ನಮ್ಮ ಶಿಬಿರಕ್ಕೆ ಬರುವವರಲ್ಲಿ ಅರ್ಧ ಜನ ನಿಮ್ಮ ಕೇರಿಯವರು. ಅವರನ್ನು ಬೇರೆ ಕೂರಿಸಿದರೆ? ಅದೂ ಬರೀ ಅಭಿಪ್ರಾಯ ಅಂತೀಯಾ?

ಅಲ್ಲ ಎಂದೆ. ಯಾವ ಅಭಿಪ್ರಾಯ ಕೆಲಸದೊಳಕ್ಕೆ ಕೈ ಹಾಕುತ್ತದೋ ಅದು ಬರೀ ಅಭಿಪ್ರಾಯವಲ್ಲ, ಅದನ್ನು ಕೇಳಿ ತಿಳಿದುಕೊಳ್ಳಬೇಕು. ಉಳಿದದ್ದನ್ನು ಅವರ ಮನೆಯಲ್ಲೇ ಬಿಡಬೇಕು. ಹೇಳುವಷ್ಟು ಧೈರ್ಯ ಕೇಳುವುದಕ್ಕೂ ಇತ್ತೇ ಎಂದರೆ, ಇರಲಿಲ್ಲ. ಆದರೂ ನಾವಿಬ್ಬರೂ ಅವತ್ತೇ ಸಂಜೆ ಹೋದೆವು.

ಅಕ್ಕ ಜಗಲಿಯಲ್ಲಿ ಕೂತಿದ್ದರು. ನಮ್ಮನ್ನೂ ಅಲ್ಲೇ ಕೂರಿಸಿ ಮಜ್ಜಿಗೆ ಕೊಟ್ಟು ತಾವೂ ಒಂದು ಲೋಟ ಹಿಡಿದರು. ವಿಷಯ ಪೂರಾ ಕೇಳಿದರು.

"ದೇವರೇ ಇಲ್ಲ ಅನ್ನೋರಿಗೆ ನಾನ್ಯಾಕೆ ಬೇಕಾದೆ?" ಎಂದರು.

"ನಿಮ್ಮ ವಿಚಾರ ನಮಗೆ ಒಂದೂ ಹಿಡಿಸಲ್ಲ. ನೀವು ಜನಾನ ರೈಲು ಹತ್ತಿಸಿದ್ದು ನೋಡಿದೀನಿ. ಅದಕ್ಕೇ ಬಂದೆ."

ಅವರು ನನ್ನನ್ನೇ ನೋಡಿದರು. "ನೀನು ಆ ಕಪ್ಪು ಈಸ್ಕೊಂಡು ಉರ್ಕೊಂಡು ಹೋದೋಳಲ್ವಾ?"

"ಹೌದು. ಒಂದು ಕೇಳಬೇಕು. ಊಟಕ್ಕೆ ಎಲ್ಲರೂ ಒಂದೇ ಸಾಲಲ್ಲಿ ಕೂರಬೇಕು. ಆಗುತ್ತಾ?"

"ಕಣ್ಣಿಗೆ ಡ್ರಾಪ್ಸ್ ಬುಟ್ಕೊಂಡು ಕೂತೋರಿಗೆ ಪಕ್ಕದಲ್ಲಿ ಯಾರು ಕೂತವ್ರೆ ಅಂತ ಕಾಣ್ಸತ್ತೇನವ್ವಾ?"

"ಕಣ್ಣು ಬಂದ್ಮೇಲೆ?"

ಅಕ್ಕ ಖಾಲಿ ಲೋಟ ಕೆಳಗಿಟ್ಟರು. ಒಳಗೆ ಯಾರೋ ಕೊಬ್ಬರಿ ಒಡೆಯುವ ಸದ್ದು ಕೇಳುತ್ತಿತ್ತು.

"ನನ್ನ ಮನೆ ಅಡುಗೆ ಕೋಣೆ ವಿಚಾರ ನೀನು ಕೇಳಬೇಡ, ನಾನು ಹೇಳಲ್ಲ," ಎಂದರು. "ಅಲ್ಲಿ ಒಂದೇ ಸಾಲು. ನಾನೇ ಬಡುಸ್ತೀನಿ. ಎದ್ದು ಹೋಗೋರು ಎದ್ದು ಹೋಗ್ಲಿ."

ನನಗೆ ಅದು ಪೂರ್ತಿ ಉತ್ತರವಾಗಿರಲಿಲ್ಲ. ಆದರೆ ಕೇಳಿದ ಪ್ರಶ್ನೆಗೆ ಅದು ಉತ್ತರ. ಹೊರಡುವಾಗ ತಿರುಗಿ ನೋಡಿದೆ. ಮೂರೂ ಲೋಟಗಳನ್ನು ಅಕ್ಕ ಒಟ್ಟಿಗೆ ಎತ್ತಿಕೊಂಡು ಒಳಗೆ ಹೋದರು. ಒಳಗೆ ಅವು ಎಲ್ಲಿಗೆ ಹೋದವೋ ಇವತ್ತಿಗೂ ನನಗೆ ಗೊತ್ತಿಲ್ಲ.

ನಾವು ಏಳುವ ಮೊದಲು ಅವರೂ ಒಂದು ಷರತ್ತು ಹಾಕಿದ್ದರು. ಆಸ್ಪತ್ರೆಗೆ ಹೊರಡುವುದು ಸೋಮವಾರ, ಏಳೂವರೆಗೆ ರಾಹುಕಾಲ ಶುರು, ಅಷ್ಟರೊಳಗೆ ಬಸ್ಸು ಜಾವಗಲ್ ಬಿಟ್ಟಿರಬೇಕು. ಅಧ್ಯಕ್ಷ ಬಾಯಿ ತೆರೆದ. ನಾನು ಅವನ ಕಾಲು ತುಳಿದೆ. ಒಂಬತ್ತಕ್ಕೆ ಆಸ್ಪತ್ರೆಯಲ್ಲಿರಿ ಎಂದು ಡಾಕ್ಟರೇ ಹೇಳಿದ್ದರು. ಹೇಗೂ ಏಳಕ್ಕೆ ಹೊರಡಲೇಬೇಕಿತ್ತು. ಅವರ ಕಾರಣ ಅವರಿಗೆ, ನಮ್ಮದು ನಮಗೆ, ಬಸ್ಸು ಒಂದೇ. ಆದರೂ ಬಾಯಿ ಸುಮ್ಮನಿರಬೇಕಲ್ಲ, ಡಾಕ್ಟರು ಎಂಟಕ್ಕೆ ಹೊರಡಿ ಅಂದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ.

"ಏಳಕ್ಕೇ ಹೊರಟು ದಾರೀಲಿ ಹಗರೇಲಿ ಟೀ ಕುಡ್ಕೊಂಡು ಕೂತಿರ್ತಿದ್ದೆ," ಎಂದರು ಅಕ್ಕ.

ಅಲ್ಲಿಂದ ಮುಂದೆ ನನ್ನ ಎದೆ ಹಗುರಾಗುತ್ತ ಹೋಯಿತು. ಅದನ್ನು ಒಪ್ಪಿಕೊಳ್ಳಲು ಕೆಲವು ದಿನ ಹಿಡಿಯಿತು. ಅಕ್ಕ ಮೊದಲು ನಮ್ಮ ಉಳಿದ ಕರಪತ್ರಗಳನ್ನೆಲ್ಲ ತರಿಸಿ, ಕೊಬ್ಬರಿ ಚೀಲದ ಅಡಿಗೆ ಹಾಸಲು ಇಟ್ಟುಕೊಂಡರು. ಅಧ್ಯಕ್ಷನನ್ನು ಕರೆದು, ನಿನಗೆ ಗಂಟಲು ಚೆನ್ನಾಗಿದೆ, ಮೈಕು ಕಟ್ಟಿದ ಆಟೋ ಹತ್ತು ಎಂದರು. ಹೊರಡುವ ಹಿಂದಿನ ದಿನ ಹಳ್ಳಿಹಳ್ಳಿಯಲ್ಲೂ ಒಂದೇ ಮಾತು ಹೇಳಬೇಕು: ತಿಂಡಿ ತಿಂದು, ಮಾತ್ರೆ ನುಂಗಿ ಬನ್ನಿ. ಎರಡನೆಯ ಮಾತು ಆಡಿದರೆ ಆಟೋದಿಂದ ಇಳಿಸಿಬಿಡುತ್ತೇನೆ. ಅವನು ಆಡಲಿಲ್ಲ. ಅವನ ಕಂಠದಲ್ಲಿ ಆ ಒಂದೇ ಸಾಲು ಜಾವಗಲ್ಲಿನ ಸುತ್ತ ದಿನವಿಡೀ ತಿರುಗಿತು. ಇಷ್ಟು ಪರಿಣಾಮಕಾರಿಯಾಗಿ ನಾನು ಯಾವತ್ತೂ ಮಾತಾಡಿರಲಿಲ್ಲ ಕಣೇ ಎಂದು ಆಮೇಲೆ ಅವನೇ ಹೇಳಿದ.

ಆ ತಿಂಗಳಿಡೀ ನಾವು ಪ್ರತಿ ವಾರ ಆಯ್ಕೆಯಾದವರ ಮನೆಗಳಿಗೆ ಹೋಗಿ ಬಿ.ಪಿ. ಮಾತ್ರೆ ನುಂಗುತ್ತಿದ್ದಾರೆಯೇ ಎಂದು ನೋಡಿಬರಬೇಕಿತ್ತು. ಅಜ್ಜಿಯ ಹತ್ತಿರ ನಾನು ಹೋಗುತ್ತೇನೆ ಎಂದರೆ ಅಕ್ಕ ಬೇಡ ಎಂದರು. ಯಾರೂ ಅವರವರ ಮನೆಯವರ ಉಸಾಬರಿಗೆ ಹೋಗಕೂಡದು. ಮನೆಯವರಾದರೆ ಮುದುಕರು ಹಟ ಮಾಡುತ್ತಾರೆ, ಮನೆಯವರೂ ಅಳುತ್ತ ಕೂರುತ್ತಾರೆ. ಆಪರೇಷನ್ ದಿನ ಕೈ ಹಿಡಿದು ನಡೆಸುವವರೂ ಬೇರೆಯವರೇ ಆಗಿರಬೇಕು. ನನಗೆ ಸಿಕ್ಕಿದ್ದು ಖಾಲಿ ಹೊಟ್ಟೆಯ ಹೆಮ್ಮೆ ಹೇಳಿಕೊಂಡಿದ್ದ ಆ ಮುದುಕ, ಗೌಡರು. ಅಜ್ಜಿಯ ಮನೆಗೆ ಅಕ್ಕ ತಾವೇ ಹೋದರು.

ಅಲ್ಲೇನು ಮಾತಾಯಿತೋ ನಾನಿರಲಿಲ್ಲ. ಕೇರಿಯಲ್ಲಿ ಮನೆಯೊಳಗೆ ಹೋದರೋ ಬಾಗಿಲಲ್ಲೇ ನಿಂತರೋ ಎಂದು ಚಿಕ್ಕಪ್ಪನನ್ನು ಕೇಳಿದೆ. ಹೊರಗಿನ ಕಲ್ಲಿನ ಮೇಲೆ ಅವರೂ ಅಜ್ಜಿಯೂ ಕೂತು, ಎಲೆ ಅಡಿಕೆ ಹಾಕಿಕೊಂಡು, ಸೊಸೆಯರನ್ನು ಬೈದುಕೊಂಡರಂತೆ. ಕೊನೆಗೆ ಅಜ್ಜಿ ಒಂದೇ ಕೇಳಿದಳಂತೆ, ರಾತ್ರಿ ಕಣ್ಣಿಗೆ ಬಟ್ಟೆ ಕಟ್ಟಿದಾಗ ಪಕ್ಕದಲ್ಲಿ ಯಾರಿರುತ್ತಾರೆ ಅಂತ. ನಾನಿರುತ್ತೇನೆ ಎಂದರಂತೆ ಅಕ್ಕ. ನಾನು ಪುಟಗಟ್ಟಲೆ ವಾದಿಸಿದ್ದೆ, ಅಜ್ಜಿ ಕೇಳುತ್ತಿದ್ದದ್ದು ಇಷ್ಟನ್ನೇ.

ಸೋಮವಾರ ಬೆಳಗ್ಗೆ ಶಾಲೆಯ ಅಂಗಳದಲ್ಲಿ ಉಪ್ಪಿಟ್ಟು. ಮನೆಯಲ್ಲಿ ತಿಂದು ಬಂದಿದ್ದೇನೆ ಎಂದವರಿಗೂ ಒಂದು ತುತ್ತು, ಮಾತ್ರೆಯನ್ನು ಅಕ್ಕನ ಎದುರೇ ನುಂಗಬೇಕು. ಯಾವ ಕಣ್ಣಿಗೆ ಆಪರೇಷನ್ನೋ ಆ ಕಡೆಯ ಮುಂಗೈಗೆ ಹಳೆಯ ಸೀರೆಯ ಅಂಚಿನ ಚೂರು ಕಟ್ಟಿದರು. ಬಸ್ಸಿನ ಮುಂದೆ ಅಕ್ಕ ಒಂದು ಕಾಯಿ ಒಡೆದರು. ನಾವು ಕೈ ಮುಗಿಯಲಿಲ್ಲ, ಅವರು ಮುಗಿಯಿರಿ ಎನ್ನಲೂ ಇಲ್ಲ. ಕಾಯಿ ಚೂರನ್ನು ಮಾತ್ರ ನಾಸ್ತಿಕರೂ ತಿಂದೆವು, ಮಂಡಿಯವರ ಕಾಯಿ, ರುಚಿಯಾಗಿತ್ತು. ಹಳೇಬೀಡು ದಾಟುವಾಗ ಗೌಡರು ನನ್ನ ಗೋತ್ರ ವಿಚಾರಿಸತೊಡಗಿದರು. ಇಲ್ಲ ಎಂದೆ. ಹಾಗೆಲ್ಲ ಇಲ್ಲದೆ ಇರುತ್ತದಾ ಎಂದು ಹಗರೆ ಬರುವವರೆಗೆ ನನಗೆ ತಿಳಿಹೇಳಿದರು.

ಆಸ್ಪತ್ರೆಯಲ್ಲಿ ಬಿ.ಪಿ. ನೋಡಿದರು. ಎಲ್ಲರದೂ ಹತೋಟಿಯಲ್ಲಿತ್ತು. ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಅಕ್ಕ ಬಂದು ನನ್ನ ತೋಳು ಹಿಡಿದರು.

"ನಿಮ್ಮಜ್ಜಿಗೆ ಇರೋದೇ ಒಂದು ಕಣ್ಣು. ದೊಡ್ಡ ಡಾಕ್ಟ್ರೇ ಮಾಡ್ಬೇಕು. ನಾನು ಕೇಳುದ್ರೆ ಜಗಳ ಆಗತ್ತೆ. ನಿನ್ನ ಬಾಯಿ ಈಗ ಬೇಕು, ನಡಿ."

"ಮನೆಯವರ ವಿಚಾರಕ್ಕೆ ಹೋಗಬಾರದು ಅಂದಿರಿ?"

"ಕೈ ಹಿಡಿಬೇಡ ಅಂದೆ. ಬಾಯಿ ಮುಚ್ಕೋ ಅಂದ್ನಾ?"

ಹೋಗಿ ಕೇಳಿದೆ. ಎಡಗಣ್ಣು ಇಲ್ಲದಿರುವುದು, ಪೊರೆ ಬಲಿತಿರುವುದು, ಮೊದಲ ಡಾಕ್ಟರು ಹೇಳಿದ್ದು, ಎಲ್ಲವನ್ನೂ ಒಂದರ ಹಿಂದೆ ಒಂದು ಇಟ್ಟೆ. ಎದುರಿದ್ದ ಕಿರಿಯ ವೈದ್ಯರು ಸಮಾಧಾನದಿಂದ ಕೇಳಿ, ದೊಡ್ಡ ಡಾಕ್ಟರ ಬಳಿಗೆ ಹೋಗಿ ಬಂದು, ಅವರೇ ಮಾಡುತ್ತಾರೆ ಎಂದರು. ವಾದ ಮಾಡಲು ಬಂದವಳಿಗೆ ವಾದವೇ ಸಿಗಲಿಲ್ಲ. ಅಷ್ಟು ಖುಷಿಯಾಗಿ ಯಾವ ಚರ್ಚೆಯಿಂದಲೂ ನಾನು ಎದ್ದು ಬಂದಿಲ್ಲ.

ಮಾರನೆಯ ಬೆಳಗ್ಗೆ ಪಟ್ಟಿ ಬಿಚ್ಚುವಾಗ ನಾನು ಗೌಡರ ಪಕ್ಕದಲ್ಲಿರಬೇಕಿತ್ತು. ಇದ್ದೆ. ಆದರೆ ಕಣ್ಣೆಲ್ಲ ಆ ಕಡೆಯ ಮಂಚದ ಮೇಲೆ. ಅಕ್ಕನ ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು. ನರ್ಸು ಅಜ್ಜಿಯ ಪಟ್ಟಿ ತೆಗೆದು, ಹತ್ತಿಯಿಂದ ರೆಪ್ಪೆ ಒರೆಸಿ, ನಿಧಾನಕ್ಕೆ ತೆರೀರಿ ಎಂದರು. ಅಜ್ಜಿ ತೆರೆದಳು. ಎದುರಿಗಿದ್ದ ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀವೇನಾ ಅಕ್ಕ?" ಎಂದಳು. "ದನಿ ಕೇಳಿ ಆನೆ ಹಂಗಿರ್ತೀರ ಅನ್ಕಂಡಿದ್ದೆ. ಕಡ್ಡಿ ಹಂಗಿದ್ದೀರಲ್ಲ."

ನಾನು ಗೌಡರ ಮಂಚಕ್ಕೆ ಆತುಕೊಂಡು ಕೂತುಬಿಟ್ಟೆ. ನಗುತ್ತಿದ್ದೆನೋ ಅಳುತ್ತಿದ್ದೆನೋ, ಗೌಡರಂತೂ, "ಯಾಕ್ ಮಗ, ನನ್ನ ಕಣ್ಣು ಹೋಯ್ತಾ?" ಎಂದು ಗಾಬರಿಯಾದರು.

ಮಧ್ಯಾಹ್ನ ಜಾವಗಲ್ಲಿಗೆ ವಾಪಸ್ಸು ಬಂದು ಶಾಲೆಯ ಜಗಲಿಯಲ್ಲಿ ಊಟ. ಕಪ್ಪು ಕನ್ನಡಕ ಹಾಕಿಕೊಂಡು ಎಲ್ಲರೂ ಒಂದೇ ಸಾಲು. ಗೌಡರ ಪಕ್ಕಕ್ಕೆ ಅಜ್ಜಿ. ಕಣ್ಣು ಬಂದ ಮೇಲೆ ಏನು ಎಂಬ ನನ್ನ ಹಳೆಯ ಪ್ರಶ್ನೆ ಈಗ ಎಲೆಯ ಮುಂದೆ ಬಂದು ಕೂತಿತ್ತು. ಗೌಡರು ಕನ್ನಡಕ ಸ್ವಲ್ಪ ಸರಿಸಿ ಅಜ್ಜಿಯನ್ನು ನೋಡಿದರು, ಅವಳ ಪಕ್ಕದ ಕೇರಿಯ ಹೆಂಗಸರನ್ನು ನೋಡಿದರು. ಯಾರೆಂದು ಗುರುತು ಹತ್ತಿತು. ತಮ್ಮ ಎಲೆಯ ಕಡೆ ಕೈ ಚಾಚಿದರು. ಬಡಿಸುತ್ತ ಬರುತ್ತಿದ್ದ ಅಕ್ಕ ಅನ್ನದ ಪಾತ್ರೆ ಹಿಡಿದು ನಿಂತರು.

"ಗೌಡ್ರೇ, ಬಗ್ಗಬ್ಯಾಡಿ ಅಂದವ್ರೆ ಡಾಕ್ಟ್ರು," ಎಂದರು, ದನಿ ಏರಿಸದೆ. "ಎದ್ದು ಹೋಗಂಗಿದ್ರೆ ಹೋಗಿ. ಎಲೆ ಬಗ್ಗಿ ತಗಂಡು ಹೋಗಂಗಿಲ್ಲ. ಕಣ್ಣು ಹೋದ್ರೆ ನಾನು ಹೊಣೆ ಅಲ್ಲ."

ಗೌಡರು ಕೈ ಹಿಂದಕ್ಕೆ ತೆಗೆದುಕೊಂಡರು. ಅಕ್ಕ ಅನ್ನ ಬಡಿಸಿ ಮುಂದೆ ಹೋದರು. ಕಣ್ಣಿಗೆ ಹೆದರಿ ಕೂತರೋ, ಅಕ್ಕನಿಗೆ ಹೆದರಿ ಕೂತರೋ, ಹಸಿವಿಗೆ ಕೂತರೋ, ಅವರ ಮನಸ್ಸಿನೊಳಗೆ ಏನಿತ್ತೆಂದು ಗೊತ್ತಿಲ್ಲ. ಮೊದಲಾಗಿದ್ದರೆ ಅದನ್ನು ತಿಳಿಯದೆ ನನಗೆ ಊಟ ಸೇರುತ್ತಿರಲಿಲ್ಲ. ಅವತ್ತು ಎರಡು ಸಲ ಹುಳಿ ಹಾಕಿಸಿಕೊಂಡೆ.

ಅರಸೀಕೆರೆಗೆ ಹೋಗುವ ಬಸ್ಸಿನಲ್ಲಿ ಅಕ್ಕ ನನ್ನ ಪಕ್ಕದಲ್ಲೇ ಕೂತರು. ನೋಡಿದೆಯಾ, ರಾಹುಕಾಲ ತಪ್ಪಿಸಿ ಹೊರಟದ್ದಕ್ಕೆ ಎಲ್ಲ ಸುಸೂತ್ರವಾಯಿತು ಎಂದು ಶುರು ಮಾಡಿದರು. ನಾನು ಬಿಡುತ್ತೇನೆಯೇ? ಮಾತ್ರೆ, ಉಪ್ಪಿಟ್ಟು, ಸೀರೆಯಂಚು ಎಂದು ಒಂದೊಂದೇ ಕಾರಣ ಎತ್ತಿದೆ. ಊರು ಬರುವವರೆಗೂ ಜಗಳವಾಡಿದೆವು, ಇಬ್ಬರೂ ಒಂದಿಂಚು ಅಲುಗಲಿಲ್ಲ. ಇಳಿಯುವಾಗ, ಮುಂದಿನ ಶಿಬಿರ ಬಿಕ್ಕೋಡಿನ ಕಡೆ ಮಾಡೋಣ, ಅಲ್ಲಿಯ ಕಾಫಿ ಎಸ್ಟೇಟಿನ ಕೂಲಿಯವರಿಗೆ ಯಾರೂ ಮಾಡಿಲ್ಲ ಎಂದರು. ಆಸ್ಪತ್ರೆಯವರ ಹತ್ತಿರ ಮಾತಾಡುವುದು ನಿನ್ನ ಪಾಲು ಎಂದೂ ಹೇಳಿದರು. ನಾನು ಅವರಿಗೆ ಒಪ್ಪಿಗೆಯಾಗಬೇಕಿಲ್ಲ, ಅವರು ನನಗೆ ಒಪ್ಪಿಗೆಯಾಗಬೇಕಿಲ್ಲ ಎಂಬುದು ಎಂಥ ನೆಮ್ಮದಿ ಎಂದು ಮನೆಯ ಕಡೆ ನಡೆಯುತ್ತ ಅನ್ನಿಸಿತು. ಎಷ್ಟೊಂದು ಕೆಲಸ ಕಡಿಮೆಯಾಯಿತು.

ಅವರೆಕಾಯಿಯ ಕಾಲ. ಡ್ರಾಪ್ಸ್ ಹಾಕುವ ವಾರಗಳೆಲ್ಲ ಮುಗಿದ ಮೇಲೆ ಒಂದು ಬೆಳಗ್ಗೆ ಅಜ್ಜಿಯ ಊರಿಗೆ ಹೋದೆ. ಬಿಸಿಲಿಗೆ ಕೂತು ಮೊರದ ತುಂಬ ಅವರೆಕಾಯಿ ಬಿಡಿಸುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಬಿಡಿಸತೊಡಗಿದೆ. ನಾನು ಬಿಡಿಸಿ ಹಾಕಿದ ಕಾಳಿನ ರಾಶಿಯನ್ನು ಅಜ್ಜಿ ಬೆರಳಲ್ಲಿ ಕೆದಕಿ, ಒಂದು ಹಸಿರು ಹುಳವನ್ನು ಎತ್ತಿ ನನ್ನ ಮುಖದ ಮುಂದೆ ಹಿಡಿದಳು. ಆಮೇಲೆ ಇನ್ನೊಂದು.

"ಎರಡು ವರ್ಷದಿಂದ ನೀವೆಲ್ಲ ಸೇರ್ಕಂಡು ನನಗೆ ಎಷ್ಟು ಹುಳ ತಿನ್ಸಿದ್ದೀರೋ," ಎಂದಳು. "ಏಳು ಅತ್ಲಾಗೆ. ನಾನೇ ಬಿಡುಸ್ಕತೀನಿ."

ಎದ್ದು ಅತ್ತ ಕೂತೆ. ಅದರ ಬಗ್ಗೆ ವಾದ ಮಾಡುವಂಥದ್ದೇನೂ ಇರಲಿಲ್ಲ.